ಹೊಳೆಗೆ ಮುಖ ಮಾಡಿದ ಗಿರಣಿ

"ಎರಡು ಚೀಲಕ್ಕೆಲ್ಲ ಮಿಷನ್ ಹಾಕೂಕೆ ಆಗೂದಿಲ್ಲ" ಎಂದು ಹೆದ್ದಾರಿ ಬದಿಯ ಮಿಲ್ಲಿನವರು ತಿರುಗಿಸಿ ಕಳಿಸಿದರು. ಆಯಿ ನೆನೆಸಿ, ಬೇಯಿಸಿ, ಅಂಗಳದಲ್ಲಿ ಕಾಗೆ ಓಡಿಸುತ್ತ ಒಣಗಿಸಿದ ಕಗ್ಗ ಭತ್ತ ಅದು. ಮನೆಗೆ ವಾಪಸ್ ಒಯ್ಯಲು ಮನಸ್ಸಾಗದೆ ಅಘನಾಶಿನಿ ಹೊಳೆ ದಂಡೆಯ ಹಳೇ ಗಿರಣಿಗೆ ಹೋದೆ.

ಬಾಗಿಲು ಹುಡುಕಿ ಒಂದು ಸುತ್ತು ಬರಬೇಕಾಯಿತು. ರಸ್ತೆ ಕಡೆ ಇದ್ದದ್ದು ಉಮಿ ಸುರಿಯುವ ಹಿತ್ತಿಲು. ದೊಡ್ಡ ಬಾಗಿಲು ಹೊಳೆ ಕಡೆ. ಅಲ್ಲಿಂದ ನೀರಿಗಿಳಿಯುವ ಚಿರೆಕಲ್ಲಿನ ಮೆಟ್ಟಿಲು.

"ಆಗ ಹೊಳೆನೇ ರಸ್ತೆ ಆಗಿತ್ತು ತಮಾ" ಎಂದರು ಗಿರಣಿಯ ಅಜ್ಜ. ಭರತಕ್ಕೆ ದೋಣಿ ತುಂಬ ಭತ್ತ ಬರುವುದು, ಇಳಿತಕ್ಕೆ ಅಕ್ಕಿ ಹೋಗುವುದು. ಹೊಳೆಯ ನೀರೇ ಗಿರಣಿ ತಿರುಗಿಸುತ್ತದೆಂದು ಸಣ್ಣವನಿದ್ದಾಗ ನಂಬಿದ್ದೆ. ತಿರುಗಿಸಿದ್ದು ಡೀಸೆಲ್ ಎಂಜಿನ್. ಈ ಉಪ್ಪುನೀರಿನಲ್ಲಿ ಭತ್ತ ನೆನೆಸಲೂ ಆಗದು, ಅದಕ್ಕೆ ಬಾವಿಯೇ ಬೇಕು.

ಗೋಡೆಯ ಮೇಲೆ ತುಕ್ಕು ಹಿಡಿದ ಪರವಾನಗಿ ತಗಡು. ಗಿರಣಿ ನಡೆಸಲು ಲೈಸೆನ್ಸ್ ಬೇಕೆಂದ 1958ರ ಕಾಯ್ದೆ 1997ರಲ್ಲೇ ರದ್ದಾಯಿತು. ಅಜ್ಜ ತಗಡು ತೆಗೆದಿಲ್ಲ.

ಎಂಜಿನ್ ಹೊತ್ತಿಕೊಂಡಿತು, ಬೆಲ್ಟ್ ಜಾರಿತು. ಅಜ್ಜ ರಾಳದ ಉಂಡೆ ತಂದು ಓಡುತ್ತಿದ್ದ ಬೆಲ್ಟಿಗೆ ಒತ್ತಿ ಹಿಡಿದರು. ಸುಟ್ಟ ವಾಸನೆ ಬಂತು, ಭತ್ತ ಕುಟ್ಟುವ ಹಳೇ ಯಂತ್ರ, ಹಲ್ಲರ್, ಗುಡುಗಿತು. ಹೊಸ ಮಿಲ್ಲುಗಳಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ರಬ್ಬರ್ ರೋಲರು ಸಿಪ್ಪೆಯನ್ನಷ್ಟೇ ಸುಲಿಯುತ್ತವೆ. ಹಲ್ಲರಿನಲ್ಲಿ ಕಾಳಿಗೆ ಕಾಳು ಉಜ್ಜಬೇಕು, ಬೇಯಿಸದ ಭತ್ತದ ಬೆಳ್ತಿಗೆಯಾದರೆ ನುಚ್ಚು ಜಾಸ್ತಿ. ಬೇಯಿಸಿದ ಭತ್ತದಲ್ಲಿ ಒಳಗಿನ ಬಿರುಕು ಬೆಸೆದುಕೊಂಡು ಕಾಳು ಗಟ್ಟಿಯಾಗಿರುತ್ತದೆ, ಉಜ್ಜಿದರೂ ತಡೆದುಕೊಳ್ಳುತ್ತದೆ. ಆಯಿಯ ಕೆಲಸ ಅಲ್ಲಿ ಕಂಡಿತು: ಬೊಗಸೆಯಲ್ಲಿ ಬೆಚ್ಚಗಿನ ಕೆಂಪಕ್ಕಿ, ಮುರಿದದ್ದು ಬೆರಳೆಣಿಕೆಯಷ್ಟು.

ಸೇತುವೆ, ರಸ್ತೆ ಬಂದು ಗಿರಣಿ ಸೊರಗಿತು ಎನ್ನುತ್ತಾರೆ ಊರವರು. ನನಗೆ ಒಪ್ಪಿಗೆಯಿಲ್ಲ. ಮಾಣಿಕಟ್ಟದಂಥ ಊರುಗಳ ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಆ ನೀರು ತಡೆದುಕೊಂಡು ಆಳೆತ್ತರ ಬೆಳೆಯುತ್ತಿದ್ದ ಕಗ್ಗದ ಜಾಗಕ್ಕೆ ಸಿಗಡಿ ಸಾಕಣೆ ಬಂತು. ಭತ್ತವೇ ಇಲ್ಲದಿದ್ದರೆ ಯಾವ ದಾರಿಯಲ್ಲಿ ಬಂದೀತು?

ಕೂಲಿ ಎಷ್ಟೆಂದು ಕೇಳಿದೆ.

"ದುಡ್ಡು ಬೇಡ. ಎರಡು ಶೇರು ಅಕ್ಕಿ ಇಟ್ಟು ಹೋಗು. ಕಗ್ಗದ ಗಂಜಿ ಉಂಡು ಎಷ್ಟು ವರ್ಷ ಆಯ್ತೋ."

ಶೇರಿನ ಮೇಲೆ ಗೋಪುರ ಬರುವ ಹಾಗೆ ಮೂರು ಅಳೆದೆ.