ಮಡಚುವವನಿಗೆ ಕತ್ತರಿಸುವ ಕಡೆ ಏನು ಕೆಲಸ?

"ಮೇಡಂ, ಪ್ರೋಟೀನ್ ಮಡಚೋ ಕಿಣ್ವಕ್ಕೆ ಆರ್‌ಎನ್‌ಎ ಕತ್ತರಿಸೋ ಜಾಗದಲ್ಲಿ ಏನು ಕೆಲಸ?" ದ್ವಿತೀಯ ಪಿಯುಸಿಗೆ ಸ್ಪ್ಲೈಸಿಂಗ್, ಅಂದರೆ ಜೀನ್‌ನ ನಕಲಾದ ಆರ್‌ಎನ್‌ಎಯಿಂದ ಬೇಡದ ತುಂಡುಗಳನ್ನು ಕತ್ತರಿಸಿ ಉಳಿದವನ್ನು ಬೆಸೆಯುವ ಪಾಠ ಮಾಡಿದಾಗಲೆಲ್ಲ ಯಾರಾದರೊಬ್ಬರು ಹೀಗೆ ಕೇಳಿಯೇ ಕೇಳುತ್ತಾರೆ. ಪಠ್ಯದಲ್ಲಿಲ್ಲದ ಸೈಕ್ಲೋಫಿಲಿನ್ ಎಂಬ ಆ ಮಡಚುವ ಕಿಣ್ವದ ಹೆಸರನ್ನು ಬಾಯಿಬಿಡುವವಳು ನಾನೇ, ಹಾಗಾಗಿ ಉತ್ತರವನ್ನೂ ನಾನೇ ಕೊಡಬೇಕು.

ಮೊದಲು ಬೋರ್ಡಿನ ಮೇಲೆ 'ಕಮಲ ನಗುತ ಬಂದಳು' ಎಂದು ಬರೆಯುತ್ತೇನೆ. ಮೂರು ಮೂರು ಅಕ್ಷರ. ಪ್ರೋಟೀನ್ ಕಟ್ಟಲು ಜೀವಕೋಶ ಆರ್‌ಎನ್‌ಎ ಓದುವುದೂ ಹಾಗೆಯೇ. ಈಗ 'ಕ' ಅಳಿಸಿ ಮೂರು ಮೂರಾಗಿ ಓದಿ: 'ಮಲನ ಗುತಬಂ ದಳು'. ಇಂಟ್ರಾನ್ ಎಂಬ ಬೇಡದ ತುಂಡು ತೆಗೆದು, ಎಕ್ಸಾನ್ ಎಂಬ ಉಳಿಯುವ ತುಂಡುಗಳನ್ನು ಬೆಸೆಯುವಾಗ ಒಂದಕ್ಷರ ಆಚೀಚೆಯಾದರೂ ಇದೇ ಗತಿ. ಈ ಕೆಲಸ ಮಾಡುವ ಸ್ಪ್ಲೈಸಿಯೋಸೋಮ್ ಸಿದ್ಧವಾಗಿ ಕೂತ ಯಂತ್ರವಲ್ಲ. ಐದು ಪುಟ್ಟ ಆರ್‌ಎನ್‌ಎಗಳು, ನೂರಕ್ಕೂ ಹೆಚ್ಚು ಪ್ರೋಟೀನುಗಳು ಪ್ರತಿ ಇಂಟ್ರಾನಿಗೂ ಹೊಸದಾಗಿ ಕೂಡಿ, ಹಲವು ಸಲ ಆಕಾರ ಬದಲಿಸಿ, ಕೆಲಸ ಮುಗಿದ ಮೇಲೆ ಚದುರುತ್ತವೆ.

ಆ ಗುಂಪಿನಲ್ಲಿ ಏಳೆಂಟು ಸೈಕ್ಲೋಫಿಲಿನ್‌ಗಳಿವೆ. ಪ್ರೋಟೀನ್ ಸರಪಳಿಯಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಬಂದ ಕಡೆ ತುಕ್ಕು ಹಿಡಿದ ಕೀಲು ಇದ್ದಂತೆ: ಸಿಸ್, ಟ್ರಾನ್ಸ್ ಎಂದು ಎರಡು ಭಂಗಿ, ಒಂದರಿಂದ ಇನ್ನೊಂದಕ್ಕೆ ತಾನಾಗಿ ಹೊರಳಲು ಕೆಲವೊಮ್ಮೆ ನಿಮಿಷಗಳೇ ಬೇಕು. ಈ ಕಿಣ್ವಗಳು ಕೀಲಿಗೆ ಎಣ್ಣೆ ಬಿಟ್ಟು ಬೇಗ ಹೊರಳಿಸುತ್ತವೆ; ಪ್ರೋಟೀನ್ ಮಡಚಿಕೊಳ್ಳಲು ಅವು ನೆರವಾಗುವುದು ಹೀಗೆ. ಸ್ಪ್ಲೈಸಿಯೋಸೋಮ್ ಆಕಾರ ಬದಲಿಸಲು ಈ ಎಣ್ಣೆಯೇ ನೆರವು ಎಂದು ಎಷ್ಟೋ ವರ್ಷ ಪಾಠ ಹೇಳಿದೆ. ಕೇಳಲು ಚೆನ್ನಾಗಿಯೂ ಇತ್ತು.

2021ರಲ್ಲಿ 'ನ್ಯೂರಾನ್' ಪತ್ರಿಕೆಯ ಒಂದು ಲೇಖನ ಓದಿದ ಮೇಲೆ ಅಷ್ಟು ಧೈರ್ಯವಾಗಿ ಹೇಳುತ್ತಿಲ್ಲ. ತಲೆ ಚಿಕ್ಕದಾಗಿ, ಕಿರುಮೆದುಳು ಸರಿಯಾಗಿ ಬೆಳೆಯದ ಮಕ್ಕಳಿದ್ದ 10 ಕುಟುಂಬಗಳಲ್ಲಿ ಪಿಪಿಐಎಲ್1 ಎಂಬ ಸೈಕ್ಲೋಫಿಲಿನ್‌ನ ಜೀನ್ ಇಲ್ಲವೇ ಅದರ ಜೊತೆಗಾರ ಪಿಆರ್‌ಪಿ17ರ ಜೀನ್ ಕೆಟ್ಟಿತ್ತು. ಇವೆರಡರಲ್ಲಿ ಯಾವುದು ಇಲ್ಲವಾದರೂ ಇಲಿಯ ಭ್ರೂಣ ಆರಂಭದಲ್ಲೇ ಸಾಯುತ್ತದೆ. ಸ್ಪ್ಲೈಸಿಂಗ್ ಹೆಚ್ಚು ಎಡವಿದ್ದು ಗಿಡ್ಡ ಇಂಟ್ರಾನ್‌ಗಳಲ್ಲಿ, ಅದರಲ್ಲೂ ಜಿ ಮತ್ತು ಸಿ ಅಕ್ಷರಗಳೇ ತುಂಬಿದ ಕಡೆ. ಪಿಪಿಐಎಲ್1 ತನ್ನ ಜೊತೆಗಾರನ ಪ್ರೋಲೀನನ್ನು ಹೊರಳಿಸುವುದೂ ನಿಜ. ಆದರೆ ಆ ಹೊರಳಿಸುವ ಶಕ್ತಿಯನ್ನು ಕಿತ್ತುಕೊಂಡು ನೋಡಿದರೆ, ಅದಿಲ್ಲದೆಯೂ ಕೆಲಸ ನಡೆಯುತ್ತದೆ!

ಅಂದರೆ ಎಣ್ಣೆ ಬಿಡುವವನು ಅಲ್ಲಿ ಬೇಕೇ ಬೇಕು, ಎಣ್ಣೆ ಬಿಡದಿದ್ದರೂ ನಡೆದೀತು. ಅಕ್ಕಪಕ್ಕದವರನ್ನು ಹಿಡಿದು ನಿಲ್ಲಿಸುವುದೇ ಅದರ ಮುಖ್ಯ ಕೆಲಸವಿರಬೇಕು ಎಂಬುದು ನನ್ನ ಅಂದಾಜು. ಉಳಿದ ಸೈಕ್ಲೋಫಿಲಿನ್‌ಗಳಿಗೂ ಇದೇ ಮಾತು ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ.

"ಮತ್ತೆ ಮಡಚೋ ಕಿಣ್ವ ಅಂತ ಯಾಕೆ ಅಂತೀರಿ?" ಎಂದು ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲ. ಹೆಸರಿನ ಕಥೆಯೇ ಬೇರೆ ಕಣಮ್ಮ. ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಔಷಧಿಗೆ ಅಂಟುತ್ತದೆಂದು 1984ರಲ್ಲಿ ಸೈಕ್ಲೋಫಿಲಿನ್ ಎಂದು ಕರೆದರು. ಅದು ಪ್ರೋಲೀನನ್ನು ಹೊರಳಿಸುತ್ತದೆಂದು ತಿಳಿದದ್ದು 1989ರಲ್ಲಿ; ಮಡಚೋ ಕಿಣ್ವ ಅನ್ನುವುದು ಅದಕ್ಕೇ.