ಡಿಸ್ಪ್ಲೇ ಒಳಗಿನ ಎಳನೀರಿನ ಕಲೆ ಕೊನೆಗೂ ಹೋಯಿತು

ಬ್ಯಾಟರಿ ಕಳಚಿದ್ದು, ಬೋರ್ಡ್ ತೊಳೆದದ್ದು, ಚಾರ್ಜಿಂಗ್ ಸಬ್-ಬೋರ್ಡ್ ಬದಲಿಸಿದ್ದು, ಇವನ್ನೆಲ್ಲ ಈ ಕೆಲಸ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಳನೀರು ಚೆಲ್ಲಿಸಿಕೊಂಡು ನನ್ನ ಮೇಜಿಗೆ ಬಂದ, 2019ರ ಈ ಐಪಿಎಸ್ ಎಂಬ ಬಗೆಯ ಎಲ್‌ಸಿಡಿ ಪರದೆಯ ಫೋನು ಆಗಲೇ ಆನ್ ಆಗುತ್ತಿತ್ತು, ಟಚ್ ಕೂಡ ಸರಿಯಾಗಿತ್ತು. ಆದರೆ ಪರದೆಯ ಕೆಳತುದಿಯಿಂದ ಮೇಲಕ್ಕೆ ಹಬ್ಬಿದ್ದ ಮಬ್ಬು ಕಲೆಯೊಂದು ಹಾಗೇ ಉಳಿದಿತ್ತು. ಕಾಫಿ ಲೋಟ ಇಟ್ಟೆತ್ತಿದ ಜಾಗದ ಉಂಗುರದಂತೆ ಅದರ ಅಂಚು ನಡುಭಾಗಕ್ಕಿಂತ ಗಾಢವಾಗಿತ್ತು. ಕಾಂಬೊ (ಗಾಜು, ಟಚ್, ಡಿಸ್ಪ್ಲೇ ಒಟ್ಟಿಗಿರುವ ಭಾಗ) ಬದಲಿಸಿಬಿಡಿ ಎಂದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪಿಕ್ಸೆಲ್‌ಗಳೆಲ್ಲ ನೆಟ್ಟಗಿರುವ ಮೂಲ ಪ್ಯಾನೆಲನ್ನು ಕಸಕ್ಕೆ ಹಾಕಿ, ಬಣ್ಣವೂ ಬೆಳಕೂ ಅದರ ಹತ್ತಿರಕ್ಕೆ ಬಾರದ ಕಾಪಿ ಫೋಲ್ಡರ್ (ನಕಲಿ ಕಾಂಬೊ) ಕೂರಿಸಲು ನನಗೆ ಮನಸ್ಸೊಪ್ಪಲಿಲ್ಲ.

ಕಲೆ ಯಾವ ಪದರದಲ್ಲಿದೆ ಎಂಬುದನ್ನು ಬಿಚ್ಚುವ ಮೊದಲೇ ತಿಳಿಯಬಹುದು. ಪರದೆಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ತೆಳುವಾದ ಕಪ್ಪು ಗೆರೆಗಳಿರುವ ಚಿತ್ರವನ್ನು ತೆರೆದು ಫೋನನ್ನು ನಿಧಾನವಾಗಿ ಓರೆ ಮಾಡಿದಾಗ, ಕಲೆಯ ಅಂಚು ಗೆರೆಯಿಂದ ಕೊಂಚ ಸರಿದಂತೆ ಕಂಡಿತು. ಅಂದರೆ ಅದು ಪಿಕ್ಸೆಲ್‌ಗಳ ಮಟ್ಟದಲ್ಲಿಲ್ಲ, ಅವುಗಳ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್‌ನಲ್ಲಿದೆ. ಪಿಕ್ಸೆಲ್‌ಗಳೇ ಬೆಳಗುವ, ಬ್ಯಾಕ್‌ಲೈಟೇ ಇಲ್ಲದ ಅಮೋಲೆಡ್ ಪರದೆಗಳಲ್ಲಿ ಈ ಮಾರ್ಗವಿಲ್ಲ. ಅಲ್ಲಿ ತೇವ ಸಾವಯವ ಪದರವನ್ನು ಮುಟ್ಟಿದರೆ ಆ ಭಾಗ ಸತ್ತಂತೆಯೇ.

ಪ್ಯಾನೆಲನ್ನು ಹದವಾಗಿ ಬಿಸಿ ಮಾಡಿ, ಸುತ್ತಲಿನ ಕಪ್ಪು ಟೇಪನ್ನು ಮೇಲ್ತುದಿಯಿಂದ ಬಿಡಿಸಿಕೊಂಡು ಬಂದು, ಪರದೆಯನ್ನು ನಡೆಸುವ ಡ್ರೈವರ್ ಚಿಪ್ ಮತ್ತು ಫ್ಲೆಕ್ಸ್ (ಬಾಗುವ ತೆಳು ಕೇಬಲ್) ಇರುವ ಕೆಳತುದಿಯನ್ನು ಕದಲಿಸದೆ ಗಾಜನ್ನು ಪುಸ್ತಕದಂತೆ ತೆರೆದೆ. ಒಳಗೆ ಮೇಲಿನಿಂದ ಕೆಳಕ್ಕೆ ಸೂಕ್ಷ್ಮ ಗೀರುಸಾಲುಗಳಿಂದ ಬೆಳಕನ್ನು ನೋಡುವವರತ್ತ ತಿರುಗಿಸುವ ಎರಡು ಪ್ರಿಸಂ ಹಾಳೆಗಳು, ಬೆಳಕನ್ನು ಸಮನಾಗಿ ಚದುರಿಸುವ ಡಿಫ್ಯೂಸರ್, ಅಂಚಿನ ಬೆಳಕನ್ನು ಪರದೆಯುದ್ದಕ್ಕೂ ಹರಡುವ ಲೈಟ್ ಗೈಡ್, ಕೊನೆಗೆ ಬೆಳಕನ್ನು ಮೇಲಕ್ಕೆ ಮರಳಿಸುವ ಬಿಳಿಯ ರಿಫ್ಲೆಕ್ಟರ್. ಇಷ್ಟು ತೆಳುವಾದ ಹಾಳೆಗಳ ನಡುವೆ ದ್ರವ ತಾನಾಗಿಯೇ ಹಬ್ಬುತ್ತದೆ, ಆರುವಾಗ ಮಾತ್ರ ಅಂಚಿನಿಂದಷ್ಟೇ ಆರುತ್ತದೆ. ಎಳನೀರಿನಲ್ಲಿ ಸಕ್ಕರೆಯೂ ಪೊಟ್ಯಾಸಿಯಂ ಲವಣವೂ ಇರುವುದರಿಂದ, ನೀರು ಆವಿಯಾದ ಮೇಲೆ ಇವೆರಡೂ ಅಲ್ಲೇ ಗಟ್ಟಿಯಾಗಿ ಕೂರುತ್ತವೆ. ಫೋನನ್ನು ಅಕ್ಕಿಯಲ್ಲಿ ಹೂತಿಡುವ ಪದ್ಧತಿ ಇನ್ನೂ ನಿಂತಿಲ್ಲ. ಅಕ್ಕಿಯ ಕಣಗಳು ಒಳಸೇರಿ ಹಾನಿ ಮಾಡಬಹುದು ಎಂದು ಆಪಲ್ ಕಂಪನಿಯೇ ತನ್ನ ಬಳಕೆದಾರರಿಗೆ ಎಚ್ಚರಿಕೆ ಕೊಟ್ಟಿದೆ. ಅಕ್ಕಿ ನೀರನ್ನು ಹೀರಿತೆಂದೇ ಇಟ್ಟುಕೊಂಡರೂ ಸಕ್ಕರೆಯನ್ನು ಹೀರುವುದಿಲ್ಲ.

ಇಲ್ಲಿಂದ ಮುಂದಿನ ಕೆಲಸವೇ ನನ್ನನ್ನು ಸತಾಯಿಸಿದ್ದು. ಬೋರ್ಡ್ ಒರೆಸಲು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿದಷ್ಟೂ ಕಲೆ ಜಾಗ ಬದಲಿಸಿತೇ ಹೊರತು ಕರಗಲಿಲ್ಲ, ಮೇಲಾಗಿ ಹೊಸ ಗೀರುಗಳಂಥ ಗುರುತುಗಳು ಮೂಡಿದವು. ಅನುಮಾನ ಬಂದು ಬಾಟಲಿಯನ್ನೇ ಪರೀಕ್ಷಿಸಿದೆ. ಶುದ್ಧ ಐಪಿಎಗೆ ಅಡುಗೆ ಉಪ್ಪು ಹಾಕಿದರೆ ಅದು ಕರಗದೆ ತಳಕ್ಕೆ ಕೂರುತ್ತದೆ. ನೀರು ಬೆರೆತಿದ್ದರೆ ಉಪ್ಪು ಆ ನೀರನ್ನು ಎಳೆದುಕೊಂಡು ದ್ರವವು ಎರಡು ಪದರಗಳಾಗಿ ಒಡೆಯುತ್ತದೆ. ಶೇ. 99 ಎಂದು ಚೀಟಿ ಅಂಟಿಸಿ ಮಾರಿದ್ದ ಬಾಟಲಿಯ ದ್ರವ ಗಾಜಿನ ಲೋಟದಲ್ಲಿ ಸ್ಪಷ್ಟವಾಗಿ ಎರಡು ಪದರಗಳಾಗಿ ನಿಂತಿತು. ಅಂಗಡಿಯವರು ಅದನ್ನು ವಾಪಸ್ ಪಡೆಯಲು ಒಪ್ಪಲಿಲ್ಲ. ಗುಣಮಟ್ಟ ಕಡಿಮೆ ಇದ್ದರೆ ಹಾಗೆಂದೇ ಬರೆದು ಮಾರಲಿ, ಬೋರ್ಡ್ ಒರೆಸಲು ಕೊಳ್ಳುವವರು ಇದ್ದೇ ಇರುತ್ತಾರೆ. ಸುಳ್ಳು ಚೀಟಿಯಿಂದ ಹಾಳಾಗುವುದು ಬೇರೆಯವರ ಫೋನು.

ಬೇರೆ ಕಡೆಯಿಂದ ತರಿಸಿದ ಶುದ್ಧ ಐಪಿಎ ಕೂಡ ಕಲೆಯನ್ನು ತೆಗೆಯಲಿಲ್ಲ. ಆಗ ಕಾರಣ ಹೊಳೆಯಿತು: ಸಕ್ಕರೆಯಾಗಲಿ ಲವಣವಾಗಲಿ ಐಪಿಎಯಲ್ಲಿ ಕರಗುವುದೇ ಇಲ್ಲ, ಅವಕ್ಕೆ ನೀರೇ ಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಮಿನರಲೈಸ್ಡ್ (ಲವಣಾಂಶ ತೆಗೆದ) ನೀರನ್ನು ಉಗುರುಬೆಚ್ಚಗೆ ಮಾಡಿ, ಹಾಳೆಗಳನ್ನು ಒಂದೊಂದಾಗಿ ಅದರಲ್ಲಿ ನೆನೆಸಿ, ಉಜ್ಜದೆ ಅಲುಗಾಡಿಸಿದಾಗ ಕಂದು ಅಂಚು ಕಣ್ಣೆದುರೇ ಸಡಿಲಗೊಂಡು ಬಿಟ್ಟುಹೋಯಿತು. ಮತ್ತೆ ಹೊಸ ನೀರಿನಲ್ಲಿ ಜಾಲಾಡಿ, ಬ್ಲೋವರ್‌ನಿಂದ ಹನಿಗಳನ್ನು ಓಡಿಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಒಣಗಿಸಿದೆ. ಲೈಟ್ ಗೈಡ್ ಅಕ್ರಿಲಿಕ್ ಆಗಿದ್ದರೆ ಐಪಿಎ ತಾಗಿ ಸೂಕ್ಷ್ಮ ಬಿರುಕು ಬಿಡುವ ಅಪಾಯವಿರುವುದರಿಂದ, ಅದಕ್ಕೆ ನೀರಷ್ಟೇ ಸಾಕು.

ಮರುಜೋಡಣೆಯಲ್ಲಿ ಎರಡು ಪ್ರಿಸಂ ಹಾಳೆಗಳ ಮೇಲೆ ಮೊದಲೇ ಇರುವ ಸೂಕ್ಷ್ಮ ಗೀರುಗಳು ಪರಸ್ಪರ ಅಡ್ಡಲಾಗಿ ಬರಬೇಕು. ಹಾಳೆಯನ್ನು ಕಾಗದದ ಮೇಲಿನ ಗೆರೆಯೊಂದಕ್ಕಿಂತ ತುಸು ಎತ್ತರದಲ್ಲಿ ಹಿಡಿದು ತಿರುಗಿಸಿದರೆ, ಗೀರುಗಳು ಗೆರೆಯ ದಿಕ್ಕಿಗೇ ಬಂದಾಗ ಗೆರೆ ಎರಡಾಗಿ ಕಾಣುತ್ತದೆ. ಅದೇ ನನ್ನ ಗುರುತು. ಧೂಳಿನ ಕಣವೊಂದು ಒಳಗುಳಿದರೂ ಚುಕ್ಕೆಯಾಗಿ ಕಣ್ಣು ಚುಚ್ಚುವುದರಿಂದ, ಬಿಸಿನೀರು ಬಿಟ್ಟು ಧೂಳು ಅಡಗಿಸಿದ ಬಚ್ಚಲುಮನೆಯಲ್ಲೇ ಜೋಡಿಸಿದೆ.

ಇದರ ನಡುವೆಯೇ ಮುಂದಿನ ಯೋಜನೆಯೂ ತಲೆಗೆ ಬಂದಿದೆ: ಪಂಪಿನಿಂದ ಗಾಳಿ ಹೊರತೆಗೆಯುವ ಸಣ್ಣ ವ್ಯಾಕ್ಯೂಮ್ ಡಬ್ಬಿ. ಒತ್ತಡ 50 ಮಿಲಿಬಾರ್‌ಗೆ ಇಳಿದರೆ ನೀರು ಸುಮಾರು 33 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ತೊಳೆದ ಬೋರ್ಡಿನ ಚಿಪ್‌ಗಳ ಅಡಿಯ ತೇವವನ್ನು ಹೆಚ್ಚು ಬಿಸಿ ಮಾಡದೆ ತೆಗೆಯಬಹುದು. ಆವಿಯಾಗುತ್ತ ನೀರು ತಣ್ಣಗಾಗುವ ಕಾರಣ ತಳದಲ್ಲಿ ಸಣ್ಣ ಹೀಟರ್ ಬೇಕಾಗುತ್ತದೆ, ಬ್ಯಾಟರಿಯನ್ನಂತೂ ಒಳಗೆ ಇಡುವಂತಿಲ್ಲ. ಪಂಪಿಗೆ ಹುಡುಕಾಟ ನಡೆದಿದೆ.

ಫೋನಿನ ಪರದೆ ಈಗ ಬಿಳಿ ಹಿನ್ನೆಲೆಯಲ್ಲಿ ಒಂದೇ ಸಮನಾಗಿ ಬೆಳಗುತ್ತಿದೆ. ತಿಳಿಬೂದು ಹಿನ್ನೆಲೆಯಲ್ಲಿ ಮಾತ್ರ ಕೆಳಗಿನ ಬಲಮೂಲೆಯಲ್ಲಿ ಸ್ವಲ್ಪ ಮಬ್ಬು ಕಾಣುತ್ತದೆ. ಅಲ್ಲಿ ಡಿಫ್ಯೂಸರ್‌ನ ಲೇಪನವೇ ಎದ್ದಿದೆ. ಗಾಜೊಡೆದ ಹಳೆಯ ಫೋಲ್ಡರ್ ಸಿಕ್ಕಿದ ಕೂಡಲೇ ಅದರ ಡಿಫ್ಯೂಸರ್ ತೆಗೆದು ಹಾಕಿ ನೋಡುತ್ತೇನೆ.