ಯಾವ ಪೌಡರ್?

ಹೇಳುವುದಿಲ್ಲ.

ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಟೈಮ್ ಉಳಿಯುತ್ತದೆ. ತೂಕ ಇಳಿಸಲು ಊಟದ ಬದಲು ಶೇಕ್ ಕುಡಿದೆನಲ್ಲ, ಅದು ಯಾವ ಪೌಡರ್, ಯಾವ ಫ್ಲೇವರ್, ಡಬ್ಬಿದೊಂದು ಫೋಟೋ ಕಳಿಸ್ತೀರಾ... ಕಳೆದ ಒಂದು ವರ್ಷದಲ್ಲಿ ಇದನ್ನು ಕೇಳದೆ ನನ್ನನ್ನು ದಾಟಿಹೋದವರು ಇನ್ನೂ ಮಾತು ಬಾರದ ಕೂಸುಗಳು ಮಾತ್ರ. ಶುರುವಿನಲ್ಲಿ ಖುಷಿಯಿಂದ ಹೇಳುತ್ತಿದ್ದೆ. ಆಮೇಲೆ ಮರ್ಯಾದೆಗೆ ಹೇಳಿದೆ. ಈಗ ಅದೂ ಮುಗಿದಿದೆ, ಬರೆದಿಡುತ್ತಿದ್ದೇನೆ.

ನನ್ನ ಕಥೆ ಗೊತ್ತಿಲ್ಲದವರಿಗೆ ನಾಲ್ಕೇ ಮಾತು. ಎಚ್‌ಬಿಎ1ಸಿ 6.2 ಬಂದಿತ್ತು. ಅದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಟೆಸ್ಟ್. 5.7ರಿಂದ 6.4ರ ಒಳಗಿದ್ದರೆ ಪ್ರಿಡಯಾಬಿಟಿಸ್, ಅಂದರೆ ಡಯಾಬಿಟಿಸ್‌ನ ಗಡಿ, 6.5 ಮುಟ್ಟಿದರೆ ಡಯಾಬಿಟಿಸ್. ನಮ್ಮಪ್ಪನಿಗೆ ಇತ್ತು, ಅವರಮ್ಮನಿಗೂ ಇತ್ತು, ಅಂದರೆ ಮುಂದಿನ ಸರದಿ ಯಾರದು ಅಂತ ಕೇಳುವ ಹಾಗೇ ಇರಲಿಲ್ಲ. ತೂಕ 91 ಕೆಜಿ. ಇಳಿಸಿ ಅಂದರು ಡಾಕ್ಟರ್. ನಾನು ಎರಡು ವರ್ಷ ಇಳಿಸುತ್ತಲೇ ಇದ್ದೆ, ತೂಕ ಮಾತ್ರ ಇಳಿಯಲಿಲ್ಲ. ಕೊನೆಗೆ ಅವರನ್ನೇ ಕೇಳಿಕೊಂಡು, 12 ವಾರ ದಿನಕ್ಕೆ ಎರಡು ಹೊತ್ತು ಊಟದ ಬದಲು ಶೇಕ್ ಕುಡಿದೆ, ಒಂದು ಹೊತ್ತು ಅಳೆದು ಊಟ ಮಾಡಿದೆ. 81ಕ್ಕೆ ಬಂತು. ಎಚ್‌ಬಿಎ1ಸಿ 5.6 ಆಯಿತು.

ಈಗ ಹಲ್ಲಿನ ಡಾಕ್ಟರ್ ವಿಷಯ. ಈ ಬರಹಕ್ಕೆ ಕಾರಣವೇ ಅದು.

ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಲು ಹೋಗಿದ್ದೆ. ಕುರ್ಚಿ ಹಿಂದಕ್ಕೆ ಬಾಗಿದೆ, ಕಣ್ಣಿಗೆ ಲೈಟ್ ಬಿದ್ದಿದೆ, ಅರ್ಧ ಮುಖ ಮರಗಟ್ಟಿದೆ, ಬಾಯಲ್ಲಿ ಎಂಜಲು ಹೀರುವ ಪೈಪು ಗೊರಗೊರ ಅನ್ನುತ್ತಿದೆ. ಆಗ ಡಾಕ್ಟರ್ ಕೇಳಿದರು. "ಏನ್ರೀ, ಸಿಕ್ಕಾಪಟ್ಟೆ ಇಳಿದುಬಿಟ್ಟಿದ್ದೀರಲ್ಲ, ಶೇಕ್ ಅಂತೆ? ಯಾವುದ್ರೀ ಪೌಡರ್?" ನಾನು "ಆಂ ಆಂ" ಅಂದೆ. ಆಮೇಲೆ ಹೇಳ್ತೀನಿ ಅಂತ ಅದರ ಅರ್ಥ. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಅಸಿಸ್ಟೆಂಟ್ ಹುಡುಗಿ ಕೈಗವಸು ಬಿಚ್ಚಿ ಮೊಬೈಲ್ ತೆಗೆದಳು. "ಸಾರ್, ಇನ್ನೊಂದ್ಸಲ ಹೇಳಿ ಸಾರ್." ನಾನು ಮತ್ತೆ "ಆಂ" ಅಂದೆ. ಅವಳು ಏನೋ ಟೈಪ್ ಮಾಡಿಕೊಂಡಳು. ಸತ್ಯವಾಗಿ ಹೇಳುತ್ತೇನೆ, ಟೈಪ್ ಮಾಡಿಕೊಂಡು "ಸಿಕ್ತು ಸಾರ್, ಥ್ಯಾಂಕ್ಸ್" ಅಂದಳು. ಏನು ಸಿಕ್ಕಿತು ಅಂತ ಕೇಳಲು ನನಗೆ ಬಾಯಿ ಎಲ್ಲಿತ್ತು?

ಮೂರು ವಾರ ಬಿಟ್ಟು ಎರಡನೇ ಸಿಟ್ಟಿಂಗ್‌ಗೆ ಹೋದರೆ ಅವಳ ಮುಖ ಊದಿಕೊಂಡಿತ್ತು. "ಸಾರ್, ನೀವು ಹೇಳಿದ್ದನ್ನೇ ತಗೊಂಡೆ. ಒಂದೂವರೆ ಕೆಜಿ ಜಾಸ್ತಿ ಆಗಿದೀನಿ." ಡಬ್ಬಿಯ ಫೋಟೋ ತೋರಿಸಿದಳು. ಜಿಮ್‌ಗೆ ಹೋಗುವವರು ಮೈ ಕಟ್ಟಲು ಕುಡಿಯುವ ಪ್ರೊಟೀನ್ ಪೌಡರ್. ಯಾವಾಗ ಕುಡೀತೀಯಮ್ಮ ಅಂದೆ. "ಊಟ ಆದ್ಮೇಲೆ ಸಾರ್, ಎರಡು ಹೊತ್ತೂ. ತಪ್ಪಿಸಿಲ್ಲ."

ಅವಳ ತಪ್ಪಲ್ಲ. ಯಾವ ಪೌಡರ್ ಅಂತ ಕೇಳಿದರೆ ಸಿಗುವ ಉತ್ತರ ಪೌಡರೇ ತಾನೆ? ಊಟದ ಬದಲು ಅನ್ನುವ ಆ ಒಂದು ಮಾತು ಪ್ರಶ್ನೆಯಲ್ಲೂ ಇರುವುದಿಲ್ಲ, ಉತ್ತರದಲ್ಲೂ ಬರುವುದಿಲ್ಲ. ಊಟ ಮಾಡಿ ಮೇಲೆ ಶೇಕ್ ಕುಡಿದರೆ ಅದು ನಾಲ್ಕನೆಯ ಊಟ, ಅಷ್ಟೇ. ಪ್ರೊಟೀನ್ ಪೌಡರೇ ಬೇರೆ, ಊಟದ ಬದಲಿನ ಪೌಡರೇ ಬೇರೆ. ಮೊದಲನೆಯದರಲ್ಲಿ ಹೆಚ್ಚುಕಮ್ಮಿ ಬರೀ ಪ್ರೊಟೀನ್. ಎರಡನೆಯದಕ್ಕೆ ಲೆಕ್ಕ ಇದೆ. ಕೋಡೆಕ್ಸ್ ಅಂತ ಆಹಾರದ ಅಂತಾರಾಷ್ಟ್ರೀಯ ಮಾನದಂಡ ಇದೆಯಲ್ಲ, 1991ರದ್ದು, ಅದರ ಪ್ರಕಾರ ಒಂದು ಊಟದ ಬದಲು ಕುಡಿಯುವುದರಲ್ಲಿ 200ರಿಂದ 400 ಕ್ಯಾಲೊರಿ ಇರಬೇಕು, ಅದರಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಪ್ರೊಟೀನ್‌ನಿಂದ ಬರಬೇಕು, ಜೊತೆಗೆ ವಿಟಮಿನ್ನು ಖನಿಜ ಎಲ್ಲ ಹಾಕಿರಬೇಕು. ಡಬ್ಬಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಸಾಮಾನ್ಯವಾಗಿ ಜಾಸ್ತಿ ಇರುವುದನ್ನು ಮೊದಲು ಬರೆದಿರುತ್ತಾರೆ. ಮೊದಲ ಸಾಲಿನಲ್ಲೇ ಸಕ್ಕರೆಯೋ ಮಾಲ್ಟೊಡೆಕ್ಸ್‌ಟ್ರಿನ್ನೋ ಕಂಡರೆ ಇಟ್ಟು ಬನ್ನಿ. ಮಾಲ್ಟೊಡೆಕ್ಸ್‌ಟ್ರಿನ್ ಅಂದರೆ ಪಿಷ್ಟದಿಂದ ಮಾಡುವ ಪುಡಿ, ಅಷ್ಟಾಗಿ ಸಿಹಿ ಇರುವುದಿಲ್ಲ, ಡಬ್ಬಿಯ ಮುಂದೆ ದೊಡ್ಡದಾಗಿ ಸಕ್ಕರೆ ಸೇರಿಸಿಲ್ಲ ಅಂತಲೂ ಬರೆದಿರಬಹುದು, ಆದರೆ ರಕ್ತಕ್ಕೆ ಹೋದಮೇಲೆ ಅದು ಸಕ್ಕರೆಗಿಂತ ಸಾಧು ಏನಲ್ಲ. ನಮಗೆ ಶುಗರ್ ಗಡಿಯಲ್ಲಿರುವಾಗ ಇದು ಗೊತ್ತಿರಬೇಕಾದ ವಿಷಯ. ಇದನ್ನು ಈವರೆಗೆ ಒಬ್ಬರೂ ಕೇಳಿಲ್ಲ.

ಇನ್ನೊಂದು ಪಂಗಡ ಇದೆ. ಅವರು ಪೌಡರ್ ಹೆಸರು ಕೇಳುವುದಿಲ್ಲ, ಬುದ್ಧಿ ಹೇಳುತ್ತಾರೆ. ನಮ್ಮ ಚಿಕ್ಕಪ್ಪ ಅದರ ಅಧ್ಯಕ್ಷರು. "ಅದೆಲ್ಲ ಮೋಸ ಕಣೋ. ಹಲ್ಲಿರೋ ಗಂಡಸು ಬಾಟ್ಲಿ ಹಾಲು ಕುಡೀತಾನೇನೋ? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಮೊದಲರ್ಧದಲ್ಲಿ ನಾನು ಆಗಲೇ ಫೇಲ್ ಆಗಿದ್ದೆ. ಅವತ್ತು ಅವರ ಜೊತೆ ಉಳಿದರ್ಧದಲ್ಲೂ ಫೇಲ್ ಆದೆ.

ಮೋಸವೇನಲ್ಲ. ಪವಾಡವೂ ಅಲ್ಲ. 2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ತಂಡ ಡಯಾಬಿಟಿಸ್ ಇದ್ದ 11 ಜನಕ್ಕೆ ಎಂಟು ವಾರ ಶೇಕ್ ಮತ್ತು ತರಕಾರಿ ಮಾತ್ರ ಕೊಟ್ಟು ನೋಡಿತು, ದಿನಕ್ಕೆ ಸುಮಾರು 600 ಕ್ಯಾಲೊರಿ. ಒಂದೇ ವಾರದಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮಾಮೂಲಿಗೆ ಬಂತು. ಲಿವರ್‌ನಲ್ಲಿ ತುಂಬಿದ್ದ ಕೊಬ್ಬು ಅಷ್ಟರಲ್ಲೇ 30 ಪರ್ಸೆಂಟ್ ಕರಗಿತ್ತು. ಲಿವರ್‌ಗೆ ಕೊಬ್ಬು ಹತ್ತಿದರೆ ಅದು ಇನ್ಸುಲಿನ್ ಮಾತು ಕೇಳುವುದಿಲ್ಲ, ರಾತ್ರಿಯಿಡೀ ಸಕ್ಕರೆ ಸುರಿಯುತ್ತಲೇ ಇರುತ್ತದೆ. ಕೊಬ್ಬು ಇಳಿದರೆ ಮಾತು ಕೇಳುತ್ತದೆ. ಆಮೇಲೆ ಡೈರೆಕ್ಟ್ ಅನ್ನುವ ದೊಡ್ಡ ಪ್ರಯೋಗ, 2017ರಲ್ಲಿ ಪ್ರಕಟವಾಯಿತು. ಶೇಕ್ ಗುಂಪಿನಲ್ಲಿ ನೂರಕ್ಕೆ 46 ಜನ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಡಯಾಬಿಟಿಸ್‌ನಿಂದ ಹೊರಗಿದ್ದರು. 15 ಕೆಜಿ ಮತ್ತು ಅದಕ್ಕಿಂತ ಜಾಸ್ತಿ ಇಳಿಸಿದವರನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ 86.

ಆದರೆ ಕೆಲಸ ಮಾಡಿದ್ದು ತೂಕ ಇಳಿದದ್ದು, ಡಬ್ಬಿಯಲ್ಲ. ನಮ್ಮಂಥ ಗಡಿಯವರ ಮೇಲೇ ಅಮೆರಿಕದಲ್ಲಿ ನಡೆದ ಅಧ್ಯಯನ 2002ರಲ್ಲಿ ಬಂತು, ಮೂರು ಸಾವಿರಕ್ಕೂ ಜಾಸ್ತಿ ಜನ. ಇದ್ದ ತೂಕದಲ್ಲಿ 7 ಪರ್ಸೆಂಟ್ ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಅಂತ ಹೇಳಿಕೊಟ್ಟ ಗುಂಪಿನಲ್ಲಿ ಡಯಾಬಿಟಿಸ್ ಬರುವುದು 58 ಪರ್ಸೆಂಟ್ ಕಮ್ಮಿಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ 31. ಊಟವನ್ನೆಲ್ಲ ಬಿಡಿಸಿ ಶೇಕ್ ಕುಡಿಸಿದ ಪ್ರಯೋಗವಲ್ಲ ಅದು.

ಹಾಗಿದ್ದರೆ ನೀನ್ಯಾಕೆ ಕುಡಿದೆ? ಯೋಚನೆ ಮಾಡಲು ಸಾಕಾಗಿತ್ತು, ಅದಕ್ಕೆ. ಇಷ್ಟು ಹಾಕಿಕೊಳ್ಳಲಾ, ಇದನ್ನು ಬಿಡಲಾ, ಇವತ್ತೊಂದು ದಿನ ಪರವಾಗಿಲ್ಲವಾ ಅಂತ ದಿನಾ ನನ್ನ ಜೊತೆ ನಾನೇ ಚೌಕಾಸಿ ಮಾಡಿಕೊಂಡು ದಿನಾ ಸೋಲುತ್ತಿದ್ದೆ. ಶೇಕ್ ಜೊತೆ ಚೌಕಾಸಿ ಇಲ್ಲ. ಎರಡು ಚಮಚ, ನೀರು, ಅಲ್ಲಾಡಿಸು, ಮುಗೀತು. ಎಷ್ಟು ಬೇಗ ಮುಗಿಯಿತೆಂದರೆ ಮೊದಲ ವಾರವೆಲ್ಲ ಅದೇ ಹಿಂಸೆ. ಆಫೀಸಿನಲ್ಲಿ ಒಂದೂವರೆಗೆ ಎಲ್ಲರೂ ಊಟಕ್ಕೆ ಕೂರುತ್ತಾರೆ, ಒಂದು ಮೂವತ್ತನಾಲ್ಕಕ್ಕೆ ನನ್ನದು ಆಗಿಹೋಗಿರುತ್ತದೆ, ಇನ್ನು ಇಪ್ಪತ್ತಾರು ನಿಮಿಷ ಕೈ ಎಲ್ಲಿಡಬೇಕೋ ಗೊತ್ತಾಗುವುದಿಲ್ಲ. ಹಸಿವಿಗಿಂತ ಅಗಿಯಬೇಕು ಅನ್ನುವ ಆಸೆ ಜಾಸ್ತಿ. ಒಂದು ದಿನ ಪೆನ್ನಿನ ಕ್ಯಾಪ್ ಅಗಿದು ಚಪ್ಪಟೆ ಮಾಡಿದ್ದೆ. ಬಾಟ್ಲಿಯ ತಳದಲ್ಲಿ ಕರಗದೆ ಉಳಿದ ಪೌಡರ್ ಗಂಟು ಇರುತ್ತಲ್ಲ, ಅದನ್ನು ಎಸೆಯಬಾರದು ಅಂತ ಐದನೇ ದಿನಕ್ಕೆ ಗೊತ್ತಾಯಿತು, ಅದೊಂದೇ ಅಗಿಯಲು ಸಿಗುವುದು. ತೊಳೆಯದ ಬಾಟ್ಲಿಯನ್ನು ಶುಕ್ರವಾರ ಬ್ಯಾಗಿನಲ್ಲಿ ಮರೆತು ಸೋಮವಾರ ತೆರೆದರೆ ಬರುವ ವಾಸನೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು, ಯಾಕೆಂದರೆ ಡಾಕ್ಟರನ್ನು ಕೇಳಿಕೊಂಡು ಕುಡಿದೆ ಅಂದಾಗಲೆಲ್ಲ ಜನ ಅದನ್ನು ಶಾಸ್ತ್ರದ ಮಾತು ಅಂದುಕೊಳ್ಳುತ್ತಾರೆ. ನಾಲ್ಕನೇ ವಾರ. ಬಗ್ಗಿ ಶೂ ಲೇಸ್ ಕಟ್ಟಿ ಎದ್ದೆ, ಗೋಡೆ ತಿರುಗಿತು. ಬಾಗಿಲ ಚಿಲಕ ಹಿಡಿದು ನಿಂತೆ. ತೂಕ ಇಳಿದಾಗ ಬಿಪಿಯೂ ಇಳಿಯುತ್ತದೆ, ಬಿಪಿ ಮಾತ್ರೆ ಮಾತ್ರ ಹಳೇ ಲೆಕ್ಕದಲ್ಲೇ ನಡೆಯುತ್ತಿತ್ತು. ಅವತ್ತೇ ಡಾಕ್ಟರ್ ಅರ್ಧಕ್ಕೆ ಇಳಿಸಿದರು. ಇನ್ಸುಲಿನ್ ತಗೊಳ್ಳುವವರು, ಗ್ಲಿಮೆಪಿರೈಡ್ ತರಹದ ಸಕ್ಕರೆ ಮಾತ್ರೆ ನುಂಗುವವರು ಹೀಗೆ ತಾವೇ ಊಟ ಬಿಟ್ಟು ಶೇಕ್ ಶುರು ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಬಿದ್ದುಹೋಗಬಹುದು. ಬಸುರಿ, ಬಾಣಂತಿ, ಕಿಡ್ನಿ ತೊಂದರೆ ಇರುವವರು, ಹಿಂದೆ ಊಟ ಬಿಟ್ಟು ಬಿಟ್ಟು ಕಾಯಿಲೆ ಬಿದ್ದವರು, ಇವರ್ಯಾರೂ ನನ್ನನ್ನು ನೋಡಿ ಕಲಿಯಬೇಡಿ. ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು. ಮಲಬದ್ಧತೆ ಅಂತೂ ಗ್ಯಾರಂಟಿ, ನನ್ನ ಮಟ್ಟಿಗೆ.

ಇಷ್ಟಕ್ಕೂ ನೀವು ಕೇಳಬೇಕಾಗಿದ್ದದ್ದು ಬೇರೆ. ಯಾರಾದರೂ ಒಬ್ಬರು ಕೇಳಲಿ ಅಂತ ಒಂದು ವರ್ಷದಿಂದ ಕಾಯುತ್ತಿದ್ದೇನೆ. ಕುಡಿಯುವುದನ್ನು ನಿಲ್ಲಿಸಿದ ದಿನ ಏನು ಮಾಡಿದೆ?

ಪ್ರಿವ್ಯೂ ಅಂತ ಒಂದು ಅಧ್ಯಯನ ನಡೆಯಿತು, ಎಂಟು ದೇಶಗಳಲ್ಲಿ, ಎರಡು ಸಾವಿರಕ್ಕೂ ಜಾಸ್ತಿ ಪ್ರಿಡಯಾಬಿಟಿಸ್‌ನವರ ಮೇಲೆ. ಎಂಟು ವಾರ ಊಟದ ಬದಲು ಶೇಕ್ ಮುಂತಾದವು. ಆಮೇಲೆ 148 ವಾರ ಮಾಮೂಲಿ ಊಟ ಮಾಡಿಕೊಂಡೇ ಇಳಿದ ತೂಕ ಕಾಯುವುದು. ಅದರಲ್ಲೂ ಪ್ರೊಟೀನ್ ಜಾಸ್ತಿ ತಿಂದವರಿಗೂ ಸಾಧಾರಣ ತಿಂದವರಿಗೂ ಡಯಾಬಿಟಿಸ್ ಬರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 8 ವಾರ ಡಬ್ಬಿ, 148 ವಾರ ತಟ್ಟೆ. ಎಲ್ಲರೂ ಆ ಎಂಟರ ಬಗ್ಗೆಯೇ ಕೇಳುತ್ತೀರಲ್ಲ!

ನಿಲ್ಲಿಸಿದ ದಿನ ನಾನು ಮಾಡಿದ್ದು ಹೇಳುತ್ತೇನೆ. ಬೆಳಿಗ್ಗೆ ತಿಂದೆ, ಮಧ್ಯಾಹ್ನ ಉಂಡೆ, ರಾತ್ರಿ ಉಂಡೆ. ಒಂದೊಂದೇ ಹೊತ್ತು ವಾಪಸ್ ತಂದುಕೊಳ್ಳಿ, ಕೆಲವು ವಾರ ಹಿಡಿಯಲಿ ಅಂದಿದ್ದರು ಡಾಕ್ಟರ್. 12 ವಾರ ಅವರು ಹೇಳಿದ್ದನ್ನೆಲ್ಲ ಕೇಳಿದ್ದೆನಲ್ಲ, ಇದೊಂದನ್ನು ಕೇಳಲಿಲ್ಲ. ಮಧ್ಯಾಹ್ನ ತಟ್ಟೆ ಮುಂದೆ ಕೂತಾಗ ದವಡೆ ನೋಯುವಷ್ಟು ಅಗಿದೆ, ಏಳು ನಿಮಿಷದಲ್ಲಿ ಖಾಲಿ. ಕೈ ತಾನಾಗಿ ಪಾತ್ರೆಗೆ ಹೋಯಿತು. ಬಾಟ್ಲಿಗೆ ತಳ ಇದೆ, ಮುಗಿದದ್ದು ಕಾಣುತ್ತದೆ. ತಟ್ಟೆ ಮುಗಿಯಿತು ಅಂತ ಯಾರು ಹೇಳಬೇಕು? 12 ವಾರದಲ್ಲಿ ನಾನು ಊಟ ಬಿಡುವುದನ್ನು ಕಲಿತಿದ್ದೆ, ಊಟ ಮಾಡುವುದನ್ನು ಕಲಿತಿರಲಿಲ್ಲ. ಮೂರು ತಿಂಗಳಲ್ಲಿ 85.

ಆ ಮೂರು ತಿಂಗಳೂ ಜನ "ಯಾವ ಪೌಡರ್" ಅಂತ ಕೇಳುತ್ತಲೇ ಇದ್ದರು. ಒಳಗೆ ಪ್ಯಾಂಟಿನ ಗುಂಡಿ ಬಿಗಿಯುತ್ತಿದೆ, ಹೊರಗೆ ನಾನು ತೂಕ ಇಳಿಸಿದ ಮಹಾಶಯ. ನನಗೆ ನಿಮ್ಮ ಮೇಲೆ ಸಿಟ್ಟು ಬಂದದ್ದು ಆವಾಗ, ಬರಬಾರದಿತ್ತು, ಗೊತ್ತು.

ಲೆಕ್ಕ ಹಾಕಿದೆ. 91ರಲ್ಲಿ 7 ಪರ್ಸೆಂಟ್ ಕಳೆದರೆ 84.6. ಅದನ್ನು ದಾಟಿಬಿಟ್ಟಿದ್ದೆ. ಡೈರೆಕ್ಟ್ ಪ್ರಯೋಗದಲ್ಲಿ ಇದಕ್ಕೂ ಏರ್ಪಾಡು ಇತ್ತು, 2 ಕೆಜಿ ವಾಪಸ್ ಬಂದರೆ ಬೈಯುವುದಿಲ್ಲ, ಸ್ವಲ್ಪ ದಿನ ಮತ್ತೆ ಶೇಕ್‌ಗೆ ಹೋಗಿ ಅನ್ನುತ್ತಾರೆ. ನಾನೂ ಡಾಕ್ಟರ್ ಹತ್ತಿರ ಹೋಗಿ ಒಪ್ಪಿಕೊಂಡೆ. ಮೂರು ವಾರ ರಾತ್ರಿ ಒಂದು ಹೊತ್ತು ಮಾತ್ರ ಶೇಕ್, ಡಬ್ಬಿಯಲ್ಲಿ ಉಳಿದಿದ್ದದ್ದೇ ಸಾಕಾಯಿತು. ಚಿಕ್ಕ ತಟ್ಟೆ ತಂದೆ. ಬಡಿಸಿಕೊಂಡ ಮೇಲೆ ಪಾತ್ರೆ ಮುಚ್ಚಿ ಒಳಗಿಟ್ಟು ಬಂದು ಕೂರುತ್ತೇನೆ, ಮತ್ತೆ ಬೇಕಾದರೆ ಎದ್ದು ಹೋಗಬೇಕು, ಸೋಮಾರಿತನ ಜೀವ ಉಳಿಸುತ್ತದೆ. ಊಟ ಆದಮೇಲೆ ನಡೆಯುತ್ತೇನೆ. ಭಾನುವಾರ ಬೆಳಿಗ್ಗೆ ತೂಕ ನೋಡಿ ಬರೆಯುತ್ತೇನೆ. ತೂಕದ ಮೆಷಿನ್ ಮೇಲಿನ ಗೋಡೆಗೆ 84.6 ಅಂತ ಬರೆದ ಚೀಟಿ ಅಂಟಿಸಿದ್ದೇನೆ. ಈಗ 83. ಕಳೆದ ಸಲದ ಎಚ್‌ಬಿಎ1ಸಿ 5.7, ಸರಿಯಾಗಿ ಗೆರೆಯ ಮೇಲೆ.

ಹಲ್ಲಿಗೆ ಕ್ಯಾಪ್ ಹಾಕಿಸುವುದು ಇನ್ನೂ ಬಾಕಿ ಇದೆ. ಮುಂದೂಡುತ್ತಾ ಇದ್ದೇನೆ, ಕಾರಣ ಊಹಿಸಬಹುದು.

ಇಷ್ಟು ಓದಿದ ಮೇಲೂ ಹೆಸರು ಬೇಕೇ ಬೇಕು ಅನ್ನುವವರು ಇರುತ್ತೀರಿ. ಡಬ್ಬಿ ಮನೆಯಲ್ಲೇ ಇದೆ. ನಮ್ಮ ಮನೆಯವಳು ಅದನ್ನು ತೊಳೆದು ಒಣಗಿಸಿ ಸ್ಕ್ರೂ, ಮೊಳೆ, ಯಾವ ಬೀಗದ್ದೋ ಗೊತ್ತಿಲ್ಲದ ಎರಡು ಬೀಗದ ಕೈ ಹಾಕಿಟ್ಟಿದ್ದಾಳೆ. ಹೆಸರಿದ್ದ ಜಾಗದ ಮೇಲೆ ಬಿಳಿ ಕಾಗದ ಅಂಟಿಸಿ "ಚಿಲ್ಲರೆ ಸಾಮಾನು" ಅಂತ ಬರೆದಿದ್ದಾಳೆ.